ಮೀನಿನ ನೀರು ತಿಂದ ಮಾರುತಿ ವ್ಯಾನ್: ಪ್ಯಾಚ್ ಹೊಡಿಬೇಕೋ, ಕತ್ತರಿಸಿ ವೆಲ್ಡಿಂಗ್ ಮಾಡಬೇಕೋ?

ಕೆಂಪುವ್ಯಾನ್_ಶಹಾಪುರ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮಪ್ಪಂದು 1987ರ ಮಾರುತಿ ವ್ಯಾನ್ ಐತಿ, ಓಮ್ನಿ ಅನ್ನೂ ಹೆಸರು ಬರೂಕಿಂತ ಮದಲಿಂದು. ಮೂರು ಸಿಲಿಂಡರಿನ 796 ಸಿಸಿ ಇಂಜಿನ್ ಇನ್ನೂ ಒಂದ ಸೆಲ್ಫಿಗೆ ಚಾಲೂ ಆಗ್ತೈತಿ, ಅದರ ಚಿಂತಿ ಇಲ್ಲ. ಚಿಂತಿ ಇರೂದು ಪತ್ರಾದ್ದು, ಅಂದ್ರ ಬಾಡಿ ತಗಡಿಂದು. ಅಪ್ಪಾಗ ಬೆಳಗಾವಿ ಶಹಾಪುರದಾಗ ಖಾನಾವಳಿ ಇತ್ತು, ವಾರಕ್ಕ ಎರಡ ಸಲ ಘಾಟ್ ಇಳದು ಗೋವಾಕ್ಕ ಹೋಗಿ ಥರ್ಮಾಕೋಲ್ ಡಬ್ಬಿಯೊಳಗ ಮೀನ ತರ್ತಿದ್ರು, ಐಸ್ ಕರಗಿ ಉಪ್ಪ ನೀರು ರಬ್ಬರ್ ಮ್ಯಾಟಿನ ಕೆಳಗ ಇಳಿತಿತ್ತು, ಮ್ಯಾಟ್ ಎತ್ತಿ ಯಾರೂ ನೋಡ್ಲಿಲ್ಲ, ಹಿಂಗ ಹದಿನೈದ ವರ್ಷ ನಡೀತು. ಮ್ಯಾಲ ನಮ್ಮೂರ ಮಳಿ ನಿಮಗ ಗೊತ್ತೈತಲ್ಲ.

ಈಗ ಪರಿಸ್ಥಿತಿ ಏನಂದ್ರ ಡ್ರೈವರ್ ಕಾಲ ಕೆಳಗ ರಸ್ತೆ ಕಾಣ್ತೈತಿ. ಎಡಗಡಿ ಸ್ಲೈಡಿಂಗ್ ಬಾಗಲದ ಕೆಳಗಿನ ಪಟ್ಟಿ ಕೈಲೇ ಒತ್ತಿದ್ರ ಹಪ್ಪಳ ಮುರದಂಗ ಮುರೀತೈತಿ. ಹಿಂದಿನ ಗಾಲಿ ಕಮಾನಿನ್ಯಾಗ ನನ್ನ ಮುಷ್ಟಿ ಹೋಗ್ತೈತಿ. ಒಬ್ಬ ಗ್ಯಾರೇಜಿನವ ಮ್ಯಾಲ ಪತ್ರಾ ಇಟ್ಟು ರಿವೆಟ್ ಹೊಡದು ಪುಟ್ಟಿ ಬಳದು ಎರಡ ದಿನಕ್ಕ ಕೊಡ್ತೀನಿ ಅಂದ, ಇನ್ನೊಬ್ಬ ಗುಜರಿಗೆ ಹಾಕ್ರಿ ಅಂದ, ಅಪ್ಪಾ ಅವನ ಜೋಡಿ ಮಾತ ಬಿಟ್ಟಾರ. ನನ್ನ ಕಡೆ ಒಂದ ಸಣ್ಣ ಸಿಓಟೂ ವೆಲ್ಡಿಂಗ್ ಮಷೀನ್ (ಗ್ಯಾಸ್ ಬಿಟಕೋತ ಕರೆಂಟಿಲೆ ವೈರ್ ಕರಗಿಸಿ ಜೋಡಸೂದು) ಐತಿ. ಅನುಭವ ಅಂದ್ರ ಡಿಪ್ಲೊಮಾ ಓದೂವಾಗ ವರ್ಕ್‌ಶಾಪಿನ್ಯಾಗ ಎರಡ ರಾಡ್ ಸುಟ್ಟದ್ದಷ್ಟ. ಏನ್ ಮಾಡ್ಲಿ ಹೇಳ್ರಿ.

ಉದ್ಯಮಬಾಗ್_ಫಿಟ್ಟರ್
ಮದಲ ಮಷೀನ್ ಬದಿಗಿಡ್ರಿ. ಒಂದ ಸಣ್ಣ ಸುತ್ತಿಗಿ, ಒಂದ ಹಳೇ ಸ್ಕ್ರೂಡ್ರೈವರ್, ಒಂದ ಅಯಸ್ಕಾಂತ ತಗೋರಿ. ಮ್ಯಾಟ್, ಸೀಟು ಎಲ್ಲಾ ತಗದು ಇಡೀ ತಳಾ ಟಕ್ ಟಕ್ ಅಂತ ಬಡಕೋತ ಹೋಗ್ರಿ, ಚಲೋ ಪತ್ರಾ ಖಣ್ ಅಂತೈತಿ, ತಿಂದಿದ್ದು ದಬ್ ಅಂತೈತಿ, ದಬ್ ಅಂದಲ್ಲಿ ಸ್ಕ್ರೂಡ್ರೈವರಿಂದ ಚುಚ್ಚರಿ, ದಯಾ ತೋರಸಬ್ಯಾಡ್ರಿ. ಅಯಸ್ಕಾಂತ ಹಿಡೀಲಿಲ್ಲ ಅಂದ್ರ ಅಲ್ಲಿ ಪುಟ್ಟಿ ಐತಿ ಅಂತ ಅರ್ಥ. ಚಾಕ್ ಪೀಸಿಲೆ ಗುರುತ ಹಾಕ್ಕೋತ ಬರ್ರಿ. ಮ್ಯಾಲ ರೂಪಾಯಿ ನಾಣ್ಯದಷ್ಟು ತೂತ ಕಂಡ್ರ ಒಳಗ ತಾಟಿನಷ್ಟು ಹೋಗಿರ್ತೈತಿ, ಇದು ನಾ ಎಷ್ಟ ಗಾಡಿಯೊಳಗ ನೋಡೇನಂದ್ರ ಈಗ ತೂತ ನೋಡೂದ ಬಿಟ್ಟೇನಿ, ತಾಟಿನ ಲೆಕ್ಕಾನ ಹಿಡೀತೀನಿ.

ರಿವೆಟ್ ಹೊಡದು ಪುಟ್ಟಿ ಬಳಿಯೂದು ಬ್ಯಾಡ. ಎರಡ ಪತ್ರಾದ ನಡುವ ನೀರು ನಿಂತ್ರ ಅಲ್ಲೇ ಜಂಗ್ (ತುಕ್ಕ) ಮತ್ತ ಶುರು, ಈ ಸಲ ಕಣ್ಣಿಗೂ ಕಾಣಂಗಿಲ್ಲ.

ವಿಜಾಪುರ_ಮ್ಯಾಟಡಾರ್
ನಮ್ಮ ಕಡೆ ಹಳೇ ಮ್ಯಾಟಡಾರ್ ವ್ಯಾನ್ ಒಂದ ಅದ, ಮನ್ಯಾಗ ನಿಂತದ. ವಿಜಾಪುರದ ಒಣ ಹವಾಕ್ಕ ಅದರ ಪತ್ರಾ ಇನ್ನೂ ಗಟ್ಟಿ ಅದ, ಬ್ಯಾಟರಿ ಇಡೂ ಜಾಗಾ ಒಂದ ಆಸಿಡ್ ಬಿದ್ದು ಹೋಗಿತ್ತು. ನಮ್ಮ ಮಿಸ್ತ್ರಿ ಕಾಕಾ ಗ್ಯಾಸ್ ವೆಲ್ಡಿಂಗ್ ಮಾಡಿಕೊಟ್ರು, ಹತ್ತ ವರ್ಷ ಆತು ಏನೂ ಆಗಿಲ್ಲ. ನಿಮ್ಮ ಸಿಓಟೂ ಮಷೀನ್ ಶೋಕಿ ಅದ ತಮ್ಮಾ. ಆಕ್ಸಿಜನ್ ಅಸಿಟಿಲಿನ್ ಬತ್ತಿ ಹಿಡಿಯವ ಒಬ್ಬ ಹಳೇ ಟಿಂಕರ್ ಹುಡುಕು, ಜೋಡಿಸಿದ ಮ್ಯಾಲ ಸುತ್ತಿಗಿಲೆ ಬಡದು ಸಪಾಟ ಮಾಡಿದ್ರ ಎಲ್ಲಿ ಜೋಡಿಸ್ಯಾರ ಅಂತ ಬೆರಳಿಗೂ ಹತ್ತಂಗಿಲ್ಲ. ಮತ್ತ ಹೊಸಾ ಪತ್ರಾ ಹಾಕೂದಿದ್ರ ಜಿಐ ಪತ್ರಾ (ಸತುವಿನ ಲೇಪ ಇದ್ದದ್ದು) ಹಾಕು, ಜಂಗ್ ಹಿಡಿಯೂದ ಇಲ್ಲ.

ಘಟಪ್ರಭಾ_ದಂಡಿ
ನಾನು ಮುಧೋಳ ಕಡೆಯವ. ನಂದೂ ಓಮ್ನಿ, 2019ರ ಆಗಸ್ಟ್ ಮಹಾಪೂರದಾಗ ಮೂರ ದಿನಾ ನೀರಾಗ ನಿಂತಿತ್ತು. ನೀರ ಇಳದ ಮ್ಯಾಲ ಇಂಜಿನ್ ಬಿಚ್ಚಿ ಶುರು ಮಾಡಿಸಿದ್ವಿ, ಸೀಟ್ ಒಣಗಿಸಿದ್ವಿ, ಎಲ್ಲಾ ಸರಿ ಆತು ಅನಕೊಂಡ್ವಿ. ಎರಡ ವರ್ಷ ಆದ ಮ್ಯಾಲ ಬಾಗಲದ ಕೆಳಗಿನ ಪೊಳ್ಳ ಪಟ್ಟಿ ಒಳಗಿಂದ ಒಡೀತು, ಕತ್ತರಿಸಿ ನೋಡಿದ್ರ ಒಳಗ ಹೊಳಿ ಗೋಡು ಇಟ್ಟಂಗಿನಂಗ ಗಟ್ಟಿಯಾಗಿ ಕುಂತಿತ್ರಿ! ಕೆಳಗ ನೀರ ಹೋಗಾಕ ಕಂಪನಿಯವ್ರು ಕೊಟ್ಟ ಸಣ್ಣ ತೂತ ಎಲ್ಲಾ ಮುಚ್ಚಿದ್ದು. ಮಣ್ಣ ಹಸಿ ಹಿಡದಿಟ್ಟು ದಿನಾ ತಿಂದೈತಿ. ನಿಮ್ಮದರಾಗೂ ಆ ತೂತ ಮುಚ್ಚ್ಯಾವೇನ ನೋಡ್ರಿ ಮದಲ.

ಉದ್ಯಮಬಾಗ್_ಫಿಟ್ಟರ್
ಘಟಪ್ರಭಾ ಅಣ್ಣಾರ ಮಾತಿನ್ಯಾಗ ಅರ್ಧಾ ಉತ್ತರ ಬಂತು. ಇನ್ನ ವಿಜಾಪುರದ ಹಿರಿಯಾರ ಮ್ಯಾಲ ಗೌರವ ಐತಿ, ಗ್ಯಾಸ್ ವೆಲ್ಡಿಂಗ್ ಬಗ್ಗೆ ನನ್ನ ತಕರಾರಿಲ್ಲ, ಅದು ಕೈ ಕಲೆ, ಜೋಡ ಮೆತ್ತಗ ಇರ್ತೈತಿ, ಬಡದ್ರ ಒಡಿಯಂಗಿಲ್ಲ. ಆದ್ರ ಆ ಬತ್ತಿ 3000 ಡಿಗ್ರಿ ದಾಟತೈತಿ ಮತ್ತ ಅಗಲಕ ಹರಡ್ತೈತಿ, ಕಲಿಯವ ಹಿಡದ್ರ ವ್ಯಾನಿನ ಸಪಾಟ ಸೈಡ್ ಪತ್ರಾ ಅಲೆ ಅಲೆ ಆಗಿ ಹ್ವಾದಂಗ.

ಜಿಐ ಪತ್ರಾದ ಮಾತ ಮಾತ್ರ ಒಪ್ಪಂಗಿಲ್ಲ. ಕಬ್ಬಿಣ ಕರಗಾಕ 1500 ಡಿಗ್ರಿ ಹತ್ರ ಬೇಕು, ಸತು 907ಕ್ಕ ಕುದ್ದು ಹೊಗಿ ಆಗ್ತೈತಿ. ಅಂದ್ರ ಪತ್ರಾ ಕರಗೂಕಿಂತ ಮದಲ ಸತುವಿನ ಬಿಳಿ ಹೊಗಿ ನಿಮ್ಮ ಮೂಗಿಗೆ, ವೆಲ್ಡಿಂಗಿನ್ಯಾಗ ಸ್ಪಂಜಿನಂಗ ತೂತ. ಆ ಹೊಗಿ ಕುಡದವರಿಗೆ ರಾತ್ರಿ ಚಳಿ ಜ್ವರ ಬರ್ತೈತಿ, ನಮ್ಮ ಫ್ಯಾಬ್ರಿಕೇಶನ್ ಹುಡುಗ್ರು ಗೇಟ್ ಮಾಡೂವಾಗ ಅನುಭವಿಸ್ಯಾರ, ಮಲೇರಿಯಾ ಅನಕೊಂಡು ರಕ್ತ ತಪಾಸಣಿ ಮಾಡಿಸಿದವ್ರೂ ಅದಾರ. ಸಿಆರ್ ಪತ್ರಾ, ಅಂದ್ರ ಸತು ಲೇಪ ಇಲ್ಲದ ಸಾದಾ ಉಕ್ಕಿನ ಪತ್ರಾ ತಗೋರಿ. ತಳಕ್ಕ 18 ಗೇಜ್, ಅಂದ್ರ 1.2 ಎಂಎಂ, ಹೊರಗ ಕಾಣೂದಕ್ಕ 20 ಗೇಜ್, ಅಂದ್ರ 0.9 ಎಂಎಂ. ದಪ್ಪ ಇದ್ರ ಗಟ್ಟಿ ಅಂತ 16 ಗೇಜ್ ತರಬ್ಯಾಡ್ರಿ, ಹಳೇ ತೆಳು ಪತ್ರಾಕ್ಕ ಹೊಸಾ ದಪ್ಪ ಪತ್ರಾ ಹಚ್ಚಿದ್ರ ದಪ್ಪನ್ನದು ಕಾಯೂದರೊಳಗ ತೆಳ್ಳಂದು ಸುಟ್ಟು ತೂತ ಬೀಳ್ತೈತಿ.

ಬೆಂಗಳೂರಾಗಿನ_ಗೋಕಾಕ
ನಾ ಇಲ್ಲಿ ಬರೇ ಕರದಂಟ ತಿನ್ಕೋತ ಓದಾಕ ಹತ್ತೇನಿ, ಮುಂದುವರಸ್ರಿ 😄

ಕೆಂಪುವ್ಯಾನ್_ಶಹಾಪುರ
ರವಿವಾರ ಇಡೀ ದಿನಾ ಬಡದೆ, ಚುಚ್ಚಿದೆ. ಯಪ್ಪಾ ಏನ್ ಹೇಳ್ಲಿ. ಎಡಗಡಿ ಗಾಲಿ ಕಮಾನಿಗೆ ಅಯಸ್ಕಾಂತ ಹಿಡೀಲಿಲ್ಲ, ಪುಟ್ಟಿ ಕೆತ್ತಿದೆ, ಅರ್ಧಾ ಇಂಚ ದಪ್ಪ ಇತ್ತು. ಅದರ ಕೆಳಗ ಪತ್ರಾ ಬಂತು. ಚಲೋ ಐತಿ ಅಂತ ಖುಷಿ ಆಗಿ ಉಜ್ಜಿ ನೋಡಿದ್ರ ಅದರ ಮ್ಯಾಲ ಸೂರ್ಯಕಾಂತಿ ಹೂವಿನ ಚಿತ್ರ! ಎಣ್ಣಿ ಡಬ್ಬಿ ಪತ್ರಾ ಕತ್ತರಿಸಿ ಹಾಕ್ಯಾರ್ರಿ, ಡಬ್ಬಿ ಹಿಂದ ಮತ್ತ ಪುಟ್ಟಿ, ಪುಟ್ಟಿ ಹಿಂದ ಗೋಣಿ ಚೂರು. ಅಪ್ಪಾನ್ನ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಡಬ್ಬಿ ನಮ್ಮ ಖಾನಾವಳಿದ ಅಂದ್ರು.

ಬಾಗಲದ ಕೆಳಗಿನ ಪಟ್ಟಿ ತೂತಾನೂ ಮುಚ್ಚ್ಯಾವ. ಒಳಗಿಂದ ಕರಿ ಹುಡಿ ಮತ್ತ ನಾಕ ಮೀನಿನ ಮುಳ್ಳು ಬಂದೂ, ಸುಳ್ಳಲ್ಲ.

ಸರಿ, ಕತ್ತರಿಸೂದು ಅಂತ ನಿರ್ಧಾರ ಆತು. ಹೆಂಗ ಶುರು ಮಾಡ್ಲಿ?

ಉದ್ಯಮಬಾಗ್_ಫಿಟ್ಟರ್
ಇದು ಉದ್ದ ಆಗ್ತೈತಿ, ಚಾ ಇಟಕೊಂಡು ಓದ್ರಿ.

ಓಮ್ನಿಗೆ ಲಾರಿ ಹಂಗ ಬ್ಯಾರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಬಾಗಲದ ಕೆಳಗಿನ ಪಟ್ಟಿ ಅಂದ್ರ ಮನಿ ತೊಲಿ ಇದ್ದಂಗ, ಅದನ್ನ ಕತ್ತರಿಸಿದ ಕೂಡಲೇ ಗಾಡಿ ನಡುವ ಕುಸೀತೈತಿ, ಎರಡ ಎಂಎಂ ಕುಸದ್ರೂ ಸ್ಲೈಡಿಂಗ್ ಬಾಗಲ ಜನ್ಮದಾಗ ಹಾಕಂಗಿಲ್ಲ. ಹಂಗಾಗಿ ಗಾಡಿ ಸಪಾಟ ನೆಲದ ಮ್ಯಾಲ ನಿಲ್ಲಿಸ್ರಿ, ಬಾಗಲದ ಚೌಕಟ್ಟಿನ ಎರಡೂ ಮೂಲಿ ಅಡ್ಡ ಟೇಪ್ ಹಿಡದು ಅಳದು ಗ್ವಾಡಿ ಮ್ಯಾಲ ಬರದಿಡ್ರಿ, ಆಮ್ಯಾಲ ಚೌಕಟ್ಟಿಗೆ ಅಡ್ಡ ಒಂದ ಚೌಕ ಪೈಪ್ ತಾತ್ಪೂರ್ತೇ (ಸದ್ಯಕ್ಕಷ್ಟ) ಟ್ಯಾಕ್ ಹೊಡೀರಿ, ಅಂದ್ರ ಸಣ್ಣ ಚುಕ್ಕಿ ವೆಲ್ಡಿಂಗ್. ಒಂದ ಬದಿ ಪೂರಾ ಮುಗಸದ ಇನ್ನೊಂದ ಬದಿಗೆ ಗ್ರೈಂಡರ್ ಹಚ್ಚಬ್ಯಾಡ್ರಿ. ನಡುನಡುವ ಬಾಗಲ ಹಾಕಿ ಜರಗಿಸಿ ನೋಡ್ರಿ, ಟೇಪಿಗಿಂತ ಬಾಗಲ ಖರೆ ಹೇಳ್ತೈತಿ.

ಕತ್ತರಿಸೂವಾಗ ತುಕ್ಕ ಮುಗದಲ್ಲಿ ನಿಲ್ಲಬ್ಯಾಡ್ರಿ, ಅದರಾಚೆ ಎರಡ ಬೆರಳ ಹೊಳಿಯೂ ಪತ್ರಾ ಬರೂತನಾ ಹೋಗ್ರಿ. ಕಾಗದದಂಗ ತೆಳ್ಳಗಾದ ಪತ್ರಾಕ್ಕ ವೆಲ್ಡಿಂಗ್ ಹತ್ತಂಗಿಲ್ಲ, ಒಂದ ತೂತ ಮುಚ್ಚಾಕ ಹೋಗಿ ಬಾಜೂಕ ಮೂರ ತೂತ ಮಾಡ್ತೀರಿ, ಆಮ್ಯಾಲ ಮಷೀನಿಗೆ ಬೈತೀರಿ. ಮೂಲಿ ಚೂಪ ಬಿಡಬ್ಯಾಡ್ರಿ, ಗುಂಡಗ ಮಾಡ್ರಿ. ಅಳತಿಗೆ ಹಳೇ ಲಗ್ನಪತ್ರಿಕಿ ರಟ್ಟು ಚಲೋ, ತೂತಿನ ಮ್ಯಾಲ ಇಟ್ಟು ಹಿಂದಿಂದ ಗೀಟ ಹೊಡದು ಕತ್ತರಿಸಿ ಕುಂಡ್ರಿಸಿ ನೋಡ್ರಿ, ರಟ್ಟು ಬರೋಬರಿ ಕುಂತ್ರ ಅದರ ಮ್ಯಾಲಿಂದ ಪತ್ರಾ.

ಹೊರಗ ಕಾಣೂ ಕಡೆ ಅಂಚಿಗೆ ಅಂಚ ಹಚ್ಚಿ ಜೋಡಿಸ್ರಿ, ನಡುವ ಪತ್ರಾ ದಪ್ಪದಷ್ಟು ಸಂದ ಬಿಡ್ರಿ, ಸಂದ ಇಲ್ಲಾಂದ್ರ ಕಾದಾಗ ಹಿಗ್ಗಿ ಒಂದರ ಮ್ಯಾಲ ಒಂದ ಏರತಾವ. ತಳದಾಗ ಕಂಪನಿಯವ್ರು ಸ್ಪಾಟ್ ವೆಲ್ಡಿಂಗ್ ಹೊಡದಲ್ಲಿ ಮ್ಯಾಲಿನ ಪತ್ರಾಕ್ಕ 8 ಎಂಎಂ ತೂತ ಕೊರದು ಆ ತೂತಿನೊಳಗಿಂದ ಕೆಳಗಿನ ಪತ್ರಾಕ್ಕ ವೆಲ್ಡಿಂಗ್ ತುಂಬ್ರಿ. ವೈರ್ 0.8 ಎಂಎಂ ಸಾಕು, 0.6 ಸಿಕ್ರ ಇನ್ನೂ ಚಲೋ. ಕರೆಂಟ್ 40ರಿಂದ 60 ಆಂಪ್ ನಡುವ ಇಟಕೊಂಡು ಮದಲ ಚೂರ ಪತ್ರಾದ ಮ್ಯಾಲ ಹಚ್ಚಿ ನೋಡ್ರಿ. ಮತ್ತ ಉದ್ದಕ ಗೆರಿ ಎಳೀಬ್ಯಾಡ್ರಿ! ಇಲ್ಲೊಂದ ಚುಕ್ಕಿ, ಒಂದ ಗೇಣ ದೂರ ಇನ್ನೊಂದ, ಮತ್ತ ಆ ಕಡೆ ತುದಿಗೆ ಒಂದ. ಕೈಯಿಟ್ರ ತಾಳೂವಷ್ಟು ಆರಿದ ಮ್ಯಾಲ ನಡುವಿಂದು. ರಂಗೋಲಿ ಚುಕ್ಕಿ ಇಟ್ಟಂಗ, ಮದಲ ಚುಕ್ಕಿ, ಗೆರಿ ಕಡೀಕ.

ವಿಜಾಪುರ_ಮ್ಯಾಟಡಾರ್
ಜಿಐ ಮಾತ ವಾಪಸ್ ತಗೊಂಡೆ. ನಮ್ಮ ಮಿಸ್ತ್ರಿ ಕಾಕಾಗ ಫೋನ್ ಹಚ್ಚಿ ಕೇಳಿದ್ರ ಅವ್ರೂ ಬೈದ್ರು, ನಾ ಹಾಕಿದ್ದು ಸಿಆರ್ ಪತ್ರಾನ, ನಿನಗ್ಯಾರ ಜಿಐ ಅಂದಾರ ಅಂತ. ಆದ್ರ ಅವರದೊಂದ ಮಾತ ಅದ, ಸಿಓಟೂ ವೆಲ್ಡಿಂಗ್ ಗಡಸ ಆಗ್ತದ, ಬಡದು ಸಪಾಟ ಮಾಡಾಕ ಹೋದ್ರ ಒಡೀತದ, ಗ್ರೈಂಡರಿಲೆ ಉಜ್ಜಬೇಕಾಗ್ತದ, ಉಜ್ಜೂವಾಗ ಬಾಜೂಕಿನ ಚಲೋ ಪತ್ರಾನೂ ತೆಳ್ಳಗ ಮಾಡ್ತಾರ ಹುಡುಗ್ರು. ಇದಕ್ಕೇನಂತೀರಿ?

ಉದ್ಯಮಬಾಗ್_ಫಿಟ್ಟರ್
ಮಿಸ್ತ್ರಿ ಕಾಕಾ ಖರೆ ಹೇಳ್ಯಾರ, ಇದಕ್ಕ ಉತ್ತರ ಇಲ್ಲ. ವೆಲ್ಡಿಂಗ್ ಗುಬ್ಬಿ ಅಷ್ಟ ಕಟಿಂಗ್ ಡಿಸ್ಕಿನ ಅಂಚಿಲೆ ತಗದು, ಆಮ್ಯಾಲ ಫ್ಲ್ಯಾಪ್ ಡಿಸ್ಕ್ ಹಗುರಕ ಹಿಡೀಬೇಕು. ಪತ್ರಾ ನೀಲಿ ಆತಂದ್ರ ಕೈ ಭಾರ ಆತು ಅಂತ.

ನಿಪ್ಪಾಣಿ_ಎಲೆಕ್ಟ್ರಿಕ್
ಎಲ್ಲಾರೂ ಪತ್ರಾದ ಮಾತ ಆಡಾಕ ಹತ್ತೀರಿ, ಬೆಂಕಿ ಮಾತ ಯಾರೂ ಎತ್ತವಲ್ರಿ. ಓಮ್ನಿ ಪೆಟ್ರೋಲ್ ಗಾಡಿ, ಟ್ಯಾಂಕ್ ತಳದಾಗ ಐತಿ. ಟ್ಯಾಂಕ್ ಬಿಚ್ಚಿ ಗಾಡಿಯಿಂದ ದೂರ, ಗಾಳಿ ಆಡೂ ಜಾಗಾದಾಗ ಇಡ್ರಿ. ಖಾಲಿ ಮಾಡೇನಿ ಸಾಕು ಅನಬ್ಯಾಡ್ರಿ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಕೆಟ್ಟದ್ದು, ಒಳಗಿನ ಆವಿ ಗಾಳಿ ಜೋಡಿ ಕೂಡಿ ಸಿಡೀತೈತಿ. ಗ್ಯಾಸ್ ಕಿಟ್ ಕೂಡ್ರಿಸಿದ್ದಿದ್ರ ಅದನ್ನ ತಿಳದವ್ರ ಕೈಲೆ ತಗಸ್ರಿ. ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್ ಎಲ್ಲೆಲ್ಲಿ ಹಾದಾವ ನೋಡಿ ಸರಸ್ರಿ. ಬ್ಯಾಟರಿ ಎರಡೂ ವೈರ್ ಬಿಚ್ಚರಿ, ಆಲ್ಟರ್ನೇಟರ್ ಕನೆಕ್ಷನ್ನೂ ತಗೀರಿ. ಅರ್ಥಿಂಗ್ ಕ್ಲಾಂಪ್ ಕೆಲಸದ ಜಾಗಾದ ಹಂತ್ಯಾಕ, ಬರೇ ಪತ್ರಾಕ್ಕ ಹಾಕ್ರಿ. ಮುಂದ ಬಂಪರಿಗೆ ಹಾಕಿ ಹಿಂದ ವೆಲ್ಡ್ ಮಾಡಿದ್ರ ಕರೆಂಟ್ ತನಗ ಅನುಕೂಲ ಆದ ದಾರಿ ಹಿಡೀತೈತಿ, ಬೇರಿಂಗ್ ಸುಟ್ಟ ಮ್ಯಾಲ ಗೊತ್ತಾಗ್ತೈತಿ.

ನಮ್ಮ ಗೆಳ್ಯಾನ ಗಾಡಿಯೊಳಗ ಆದದ್ದು ಹೇಳ್ತೀನಿ. ಕೆಳಗಿಂದ ವೆಲ್ಡ್ ಮಾಡಿದ್ರು, ಮ್ಯಾಲ ಸೀಟಿನ ಸ್ಪಂಜ್ ಹಂಗ ಇತ್ತು. ಬೆಂಕಿ ಕಾಣಲಿಲ್ಲ, ಬರೇ ಹೊಗೆ ಆಡಿತು, ಊಟಕ್ಕ ಹೋಗಿ ಬರೂದರೊಳಗ ಅರ್ಧಾ ಗಾಡಿ ಹೋಗಿತ್ತು. ಕೆಲಸ ಮುಗದ ಮ್ಯಾಲ ಒಂದ ತಾಸ ಅಲ್ಲೇ ಕುಂದರ್ರಿ. ಫೈರ್ ಸಿಲಿಂಡರ್ ಒಂದ, ಹಸಿ ಗೋಣಿಚೀಲ ಎರಡ, ಒಬ್ಬ ಮನಷ್ಯಾ ಬಾಜೂಕ. ಮತ್ತ ಮುಖಕ್ಕ ಸರಿಯಾದ ಮಾಸ್ಕ್, ಕರಿ ಚಷ್ಮಾ ಅಲ್ಲ. ರಾತ್ರಿ ಕಣ್ಣಾಗ ಉಸುಕ ಹಾಕಿದಂಗ ಆದ ಮ್ಯಾಲ ಬಟಾಟಿ ಹೋಳ ಇಟಕೊಂಡು ಮಲಗಿದವ್ರನ್ನ ಭಾಳ ನೋಡೇನಿ, ಬಟಾಟಿ ಪಲ್ಯಕ್ಕ ಇರಲಿ, ಕಣ್ಣಿನ ಡಾಕ್ಟರ್ ಕಡೆ ಹೋಗ್ರಿ.

ಕೆಂಪುವ್ಯಾನ್_ಶಹಾಪುರ
ಹತ್ತ ದಿನ ಆದ ಮ್ಯಾಲ ಬರ್ಯಾಕ ಹತ್ತೇನಿ. ಟ್ಯಾಂಕ್ ಇಳಿಸಿದೆ, ಅಡ್ಡ ಪೈಪ್ ಟ್ಯಾಕ್ ಮಾಡಿದೆ, ಎಡಗಡಿ ಪಟ್ಟಿ ಕತ್ತರಿಸಿದೆ. ಮದಲನೇ ದಿನದ ವೆಲ್ಡಿಂಗ್ ಫೋಟೋ ಹಾಕಂಗಿಲ್ಲ, ಮರ್ಯಾದಿ ಪ್ರಶ್ನೆ ಐತಿ. ತೂತೇ ತೂತ, ಮತ್ತ ವೆಲ್ಡಿಂಗ್ ನೊರಿ ನೊರಿ, ಜೇನಗೂಡಿನಂಗ. ಗ್ಯಾಸ್ ಐತಿ, ವೈರ್ ಹೊಸದೈತಿ, ಕರೆಂಟ್ ಕಡಿಮಿ ಇಟ್ಟೇನಿ, ಏನ್ ತಪ್ಪ ಅಂತ ತಿಳೀವಲ್ದು.

ಉದ್ಯಮಬಾಗ್_ಫಿಟ್ಟರ್
ಫ್ಯಾನ್ ಹಚ್ಚೀರೇನು?

ಕೆಂಪುವ್ಯಾನ್_ಶಹಾಪುರ
ಹೌದ್ರಿ, ಸೆಕಿ ಆಗ್ತಿತ್ತು, ಸ್ಟ್ಯಾಂಡ್ ಫ್ಯಾನ್ ಇಟಕೊಂಡಿದ್ದೆ...

ಉದ್ಯಮಬಾಗ್_ಫಿಟ್ಟರ್
😂 ಬಂದ್ ಮಾಡ್ರಿ ಅದನ್ನ. ಗ್ಯಾಸ್ ಕೊಡೂದ ಕರಗಿದ ಕಬ್ಬಿಣಕ್ಕ ಗಾಳಿ ತಾಗಬಾರದು ಅಂತ, ಫ್ಯಾನ್ ಆ ಗ್ಯಾಸನ್ನ ಹಾರಿಸಿಕೊಂಡ ಹೋಗ್ತೈತಿ. ಗ್ಯಾಸ್ ನಿಮಿಷಕ್ಕ ಹತ್ತ ಲೀಟರ್ ಆಸುಪಾಸು ಇರಲಿ. ಹೊಗಿ ಹೋಗಾಕ ಬಾಗಲ ಕಿಟಕಿ ತಗದಿಡ್ರಿ, ಆದ್ರ ಗಾಳಿ ನೇರ ವೆಲ್ಡಿಂಗ್ ಮ್ಯಾಲ ಬರಬಾರದು. ಪೇಂಟ್ ಮತ್ತ ಕೆಳಗಿನ ಡಾಂಬರ್ ಕೋಟಿಂಗ್ ಎರಡೂ ಬದಿ ಪೂರಾ ಕೆರದೀರೋ ಇಲ್ಲೋ? ಅದು ಸುಟ್ರೂ ನೊರಿ ಬರ್ತೈತಿ.

ತೂತ ಬೀಳೂದಕ್ಕ ಹಿಂದ ತಾಮ್ರದ ತಗಡ ಒತ್ತಿ ಹಿಡೀರಿ. ತಾಮ್ರ ಕಾವ ಎಳಕೋತೈತಿ, ವೆಲ್ಡಿಂಗ್ ಅದಕ್ಕ ಅಂಟಂಗಿಲ್ಲ.

ಕೆಂಪುವ್ಯಾನ್_ಶಹಾಪುರ
ತಾಮ್ರ ಸಿಕ್ತ್ರಿ! ಅಜ್ಜಿ ಕಾಲದ ತಳ ಹೋದ ನೀರಿನ ಹಂಡೆ ಅಟ್ಟದ ಮ್ಯಾಲ ಇತ್ತು. ಅವ್ವ ಕೊಡಾಕ ತಯಾರಿರಲಿಲ್ಲ, ಬರೇ ಒಡದ ತಳದ ಚೂರ ತಗೋತೀನಿ ಅಂತ ಒಪ್ಪಿಸಿದೆ. ಫ್ಯಾನ್ ಬಂದ್, ಪತ್ರಾ ಬೆಳ್ಳಗ ಉಜ್ಜಿದೆ, ಹಂಡೆ ಚೂರ ಹಿಂದ ಹಿಡದು ಚುಕ್ಕಿ ಚುಕ್ಕಿ ಹೊಡದೆ. ರಾತ್ರಿ ಒಂಬತ್ತಕ್ಕ ಮದಲನೇ ಪ್ಯಾಚ್ ಕುಂತಿತು. ಸುತ್ತಿಗಿಲೆ ಬಡದು ನೋಡಿದೆ, ಖಣ್ ಅಂತು. ಅಪ್ಪಾ ಒಳಗಿಂದ ಏನಾತೋ ಅಂತ ಕೂಗಿದ್ರು.

ಖಾನಾಪುರ_ರೋಡ್
ವೆಲ್ಡಿಂಗ್ ನಿಮಗ ಬಿಟ್ಟೇನಿ, ಕಾಗದದ ಮಾತ ನಂದು. ಚಾಸಿ ನಂಬರ್ ಹೊಡದ ಜಾಗಾ ಮದಲ ಹುಡುಕಿ ಟೇಪ್ ಅಂಟಿಸ್ರಿ, ಅದರ ಸುತ್ತ ಗ್ರೈಂಡರ್ ಬ್ಯಾಡ. ಆ ನಂಬರ್ ಅಳಿಸಿದ್ರ ಆರ್‌ಟಿಓ ಇನ್ಸ್‌ಪೆಕ್ಟರ್ ಮುಂದ ನೀವು ಕಳ್ಳರಾದಂಗ. ಆರ್‌ಸಿ ರಿನ್ಯೂವಲ್ ಐದ ವರ್ಷಕ್ಕೊಮ್ಮೆ, 2022ರ ಏಪ್ರಿಲಿಂದ ಕಾರಿಗೆ 5,000 ಇತ್ತು, 2025ರ ಆಗಸ್ಟಿನ್ಯಾಗ 20 ವರ್ಷ ದಾಟಿದ ಗಾಡಿಗೆ 10,000 ಮಾಡ್ಯಾರ. ವಿಂಟೇಜ್ ನೋಂದಣಿ ಆಸೆ ಇದ್ರ 50 ವರ್ಷ ಆಗಬೇಕು, ನಿಮ್ಮದು 2037ಕ್ಕ. 2021ರ ಆ ನಿಯಮದಾಗ ಬಾಡಿ, ಚಾಸಿ, ಇಂಜಿನ್ ದೊಡ್ಡ ಪ್ರಮಾಣದಾಗ ಬದಲ ಮಾಡಿರಬಾರದು ಅಂತೈತಿ, ಅದಕ್ಕ ಮೂಲ ಆಕಾರ ಬಿಟ್ಟು ಹೊಸ ಶೋಕಿ ಮಾಡಬ್ಯಾಡ್ರಿ, ಕತ್ತರಿಸಿದ್ದು ಜೋಡಿಸಿದ್ದು ಎಲ್ಲಾ ಫೋಟೋ ತಗದಿಡ್ರಿ.

ಘಟಪ್ರಭಾ_ದಂಡಿ
ವೆಲ್ಡಿಂಗ್ ಆದ ಮ್ಯಾಲ ನಾ ಮಾಡಿದ ತಪ್ಪ ನೀವು ಮಾಡಬ್ಯಾಡ್ರಿ. ನಾ ಹೊರಗ ಚಂದ ಪೇಂಟ್ ಹೊಡಸಿದೆ, ಪೊಳ್ಳ ಪಟ್ಟಿ ಒಳಗ ಏನೂ ಹಾಕಲಿಲ್ಲ. ವೆಲ್ಡಿಂಗ್ ಕಾವಿಗೆ ಒಳಗಿನ ಹಳೇ ಪೇಂಟ್ ಸುಟ್ಟು ಹೋಗಿರ್ತೈತಿ, ಬರೇ ಕಬ್ಬಿಣ, ಒಂದ ಮಳಿಗಾಲದಾಗ ಮತ್ತ ಕೆಂಪ ನೀರ ಸೋರಾಕ ಹತ್ತಿತು. ಎರಡನೇ ಸಲ ಜೋಡಿಸೂಕಿಂತ ಮದಲ ಅಂಚಿಗೆ ವೆಲ್ಡಿಂಗ್ ಕಾವ ತಾಳೂ ಜಿಂಕ್ ಪ್ರೈಮರ್, ಆಮ್ಯಾಲ ಹೊರಗ ಎಪಾಕ್ಸಿ ಪ್ರೈಮರ್, ಜೋಡಕ್ಕ ಸೀಲರ್, ಅದರ ಮ್ಯಾಲ ಪೇಂಟ್, ಕಡೀಕ ಪಟ್ಟಿ ಒಳಗ ಉದ್ದ ನಳಿಗಿಲೆ ಮೇಣ ಸಿಂಪಡಿಸಿದ್ವಿ. ಮೇಣ ಹಾಕಿದ ಮ್ಯಾಲ ಅಲ್ಲಿ ವೆಲ್ಡಿಂಗ್ ಹಚ್ಚಾಕ ಬರಂಗಿಲ್ಲ, ಹತ್ತಿ ಉರೀತೈತಿ, ಅದಕ್ಕ ಅದು ಎಲ್ಲಾದಕ್ಕಿಂತ ಕಡೀ ಕೆಲಸ. ನೀರ ಹೋಗೂ ತೂತ ಮೇಣಾ ಸೀಲರ್ ತುಂಬಿ ಮುಚ್ಚದಂಗ ಒಂದ ತಂತಿ ಆಡಿಸ್ರಿ.

ಬೆಂಗಳೂರಾಗಿನ_ಗೋಕಾಕ
ಕರದಂಟ ಮುಗೀತು. ವ್ಯಾನ್ ಮುಗೀತೇನ್ರಿ?

ಕೆಂಪುವ್ಯಾನ್_ಶಹಾಪುರ
ಎಡಗಡಿ ಪೂರಾ ಮುಗೀತು, ಡ್ರೈವರ್ ಕಾಲ ಕೆಳಗಿಂದೂ ಆತು. ಒಟ್ಟ ಹನ್ನೊಂದ ಪ್ಯಾಚ್, ಅದರಾಗ ಮೂರ ಕಿತ್ತು ಎರಡನೇ ಸಲ ಹಾಕಿದ್ದು. ಬಾಗಲ ಒಂದ ಕೈಲೆ ಜರಗತೈತಿ, ಗ್ವಾಡಿ ಮ್ಯಾಲ ಬರದ ಅಳತಿಗೂ ಈಗಿನದಕ್ಕೂ ಒಂದ ಎಂಎಂ ಫರಕ್. ಬಲಗಡಿ ದೀಪಾವಳಿ ಆದ ಮ್ಯಾಲ ಹಿಡೀತೀನಿ, ಅಲ್ಲೀತನಾ ಗಾಡಿ ಹೊರಗ ತಗಿಯಂಗಿಲ್ಲ.

ನಿನ್ನೆ ಸಂಜಿಕಿ ಅಪ್ಪಾ ಬಂದು ಏನೂ ಮಾತಾಡದ ಒಂದ ಬಕೆಟ್ ನೀರ ತಂದು ಹಿಂದಿನ ತಳಕ್ಕ ಸುರುವಿದ್ರು. ನಾ ಗಾಬರಿ ಆದೆ. ಅವ್ರು ಕೆಳಗ ಬಗ್ಗಿ ನೋಡ್ಕೋತ ನಿಂತ್ರು, ಹೊಸಾ ತೂತಿನಿಂದ ನೀರ ಸಣ್ಣ ಧಾರಿ ಆಗಿ ಹರದು ಹೋತು. ಆಮ್ಯಾಲ ಕೈ ಒರಸಿಕೊಂಡು ಅಂದ್ರು, ಹಂಗಾದ್ರ ಬಲಗಡಿ ಮುಗದ ಮ್ಯಾಲ ಒಂದ ಸಲ ಮೀನ ತರಾಕ ಹೋಗಿ ಬರೂಣು.

ಉದ್ಯಮಬಾಗ್_ಫಿಟ್ಟರ್
ಹೋಗಿ ಬರ್ರಿ, ಆದ್ರ ಡಬ್ಬಿ ಕೆಳಗ ಪ್ಲಾಸ್ಟಿಕ್ ಟ್ರೇ ಇಡ್ರಿ. ಮನಿಗೆ ಬಂದ ಕೂಡಲೇ ಮ್ಯಾಟ್ ಎತ್ತಿ ಸಿಹಿ ನೀರಿಲೆ ತೊಳೀರಿ. ಬಂಗಡೆ ಸಿಕ್ರ ಉದ್ಯಮಬಾಗಕ್ಕೂ ಎರಡ ಕಳಸ್ರಿ.